ದೊಡ್ಡವರಾದ ಮೇಲೆ ಆಟಿಸಂ ತಪಾಸಣೆ: ಮೊದಲ ಭೇಟಿಗೆ ಏನು ತಯಾರಿ ಬೇಕು?

ಡೊಂಬಿವಲಿ 38

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನನಗೆ 38 ವರ್ಷ. ಊರು ಕುಂದಾಪುರದ ಹತ್ತಿರ. ಹದಿನೈದನೇ ವರ್ಷಕ್ಕೆ ಮುಂಬೈಗೆ ಬಂದು ಫೋರ್ಟಿನಲ್ಲಿ ಸೋದರಮಾವನ ಹೋಟೆಲಿಗೆ ಸೇರಿದೆ. ಹಗಲು ಕೆಲಸ, ಸಂಜೆ ರಾತ್ರಿ ಶಾಲೆ. ಹಾಗೇ ಬಿಕಾಂ ಮುಗಿಸಿದೆ. ಈಗ ಅಂಧೇರಿಯ ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಮದುವೆಯಾಗಿದೆ, ಒಬ್ಬಳು ಮಗಳಿದ್ದಾಳೆ.

ಹೋದ ವರ್ಷ ತಂಗಿಯ ಮಗನಿಗೆ ಆಟಿಸಂ ಅಂತ ಗೊತ್ತಾಯಿತು. ಅವನ ತಪಾಸಣೆಗೆ ಮುಂಚೆ ಇಂಗ್ಲಿಷಿನಲ್ಲಿ ಒಂದು ಫಾರ್ಮ್ ಕೊಟ್ಟಿದ್ದರು. ತಂಗಿಗೆ ನಾನು ಒಂದೊಂದೇ ಪ್ರಶ್ನೆ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಸಾಮಾನು ಸಾಲಾಗಿ ಜೋಡಿಸುತ್ತಾನಾ? ಸದ್ದಿಗೆ ಕಿವಿ ಮುಚ್ಚುತ್ತಾನಾ? ಒಂದೇ ವಿಷಯದ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತಾನಾ? ಏಳೆಂಟು ಪ್ರಶ್ನೆ ಆದ ಮೇಲೆ ಅವಳು ಪೆನ್ನು ಕೆಳಗಿಟ್ಟು, "ಅಣ್ಣಾ, ಇದು ನಿನ್ನ ಬಗ್ಗೆಯೇ ಬರೆದ ಹಾಗಿದೆ" ಅಂದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾವ ನನ್ನನ್ನು ಬೇಗ ಗಲ್ಲಾಕ್ಕೆ ಕೂರಿಸಿದ್ದರು. ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪುತ್ತಿರಲಿಲ್ಲ. ಆದರೆ ಗಿರಾಕಿಗಳ ಜೊತೆ ಏನು ಮಾತಾಡಬೇಕು ಅಂತ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಒಂದು ಚಿಕ್ಕ ಡೈರಿ ಇಟ್ಟುಕೊಂಡಿದ್ದೆ. ಬೆಳಗ್ಗೆ 9ಕ್ಕೆ ಬರುವ ಬ್ಯಾಂಕಿನವರು: ಮಗಳ ಪರೀಕ್ಷೆ ಕೇಳಬೇಕು. ಎದುರಿನ ಅಂಗಡಿಯವರು: ಮೊಣಕಾಲು ನೋವು ಕೇಳಬೇಕು. ಕೇಳಿದ ಮೇಲೆ 'ಹೌದಾ, ಛೆ' ಅನ್ನಬೇಕು. ಹೀಗೆ ಬರೆದು ಬಾಯಿಪಾಠ ಮಾಡುತ್ತಿದ್ದೆ. ಎಲ್ಲರೂ ಹೀಗೇ ಕಲಿಯುತ್ತಾರೆ ಅಂತ ಅಂದುಕೊಂಡಿದ್ದೆ. ಈಗಲೂ ಆಫೀಸಿನಲ್ಲಿ ಒಂದು ಮೀಟಿಂಗ್ ಮುಗಿಸಿ ಬಂದರೆ ಮಾತೇ ಹೊರಡುವುದಿಲ್ಲ. ಮನೆಗೆ ಬಂದು ಅರ್ಧ ಗಂಟೆ ಕತ್ತಲೆ ಕೋಣೆಯಲ್ಲಿ ಕೂತರೇ ಸರಿಹೋಗುವುದು.

ಇನ್ನು ಮೂರು ವಾರಕ್ಕೆ ಥಾಣೆಯಲ್ಲಿ ಒಬ್ಬರು ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಅವರಿಗೆ ಮರಾಠಿ, ಹಿಂದಿ, ಇಂಗ್ಲಿಷ್ ಬರುತ್ತದೆ, ಕನ್ನಡ ಬರುವುದಿಲ್ಲ. ನಾನು ಚಿಕ್ಕವನಿದ್ದಾಗ ಹೇಗಿದ್ದೆ ಅಂತ ಹೇಳಬಲ್ಲವರು ಅಮ್ಮ ಒಬ್ಬರೇ. ಅವರಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ನಾನು ಓದಿದ ರಾತ್ರಿ ಶಾಲೆ ಈಗ ಮುಚ್ಚಿದೆ, ಕಾಗದಪತ್ರ ಸಿಗುವುದು ಕಷ್ಟ.

ಹೋಗುವಾಗ ಏನೇನು ತೆಗೆದುಕೊಂಡು ಹೋಗಬೇಕು? ನನ್ನ ದೊಡ್ಡ ಭಯ ಹೇಳಲಾ? ಯಾರಾದರೂ ಎದುರಿಗೆ ಕೂತು ಹೇಗಿದ್ದೀರಿ ಅಂದರೆ ನನ್ನ ಬಾಯಲ್ಲಿ 'ಎಲ್ಲ ಚೆನ್ನಾಗಿದೆ' ಅಂತಲೇ ಬಂದುಬಿಡುತ್ತದೆ. ಅಲ್ಲಿಯೂ ಹಾಗೇ ಹೇಳಿ ಎದ್ದು ಬಂದರೆ?

ಮುಲುಂಡ್ ಮನೆಯವಳು

ನಿಮ್ಮ ಡೈರಿ ವಿಷಯ ಓದಿ ಕಣ್ಣು ತುಂಬಿತು. ನಾನು ನಿಮಗಿಂತ ದೊಡ್ಡವಳು, 44. ನನಗೆ ಆಟಿಸಂ ಅಂತ ಗೊತ್ತಾಗಿದ್ದು 42ಕ್ಕೆ.

ಮೊದಲನೇ ಕೆಲಸ: ಆ ಡೈರಿ ಇನ್ನೂ ಇದ್ದರೆ ಹುಡುಕಿ. ಅದಕ್ಕಿಂತ ಒಳ್ಳೆಯ ಕಾಗದಪತ್ರ ಯಾವ ಶಾಲೆಯೂ ಕೊಡುವುದಿಲ್ಲ.

ನಾನು ಮೊದಲು ಹೋದ ಕಡೆ ಏನಾಯಿತು ಅಂತ ಹೇಳುತ್ತೇನೆ. ಡಾಕ್ಟರು ಹತ್ತು ನಿಮಿಷ ಮಾತಾಡಿದರು. "ನೀವು ಕಣ್ಣು ನೋಡಿ ಮಾತಾಡುತ್ತೀರಿ, ಮದುವೆಯಾಗಿದೆ, ಕೆಲಸ ಇದೆ, ನಿಮಗೆಲ್ಲಿಯ ಆಟಿಸಂ, ಟೆನ್ಶನ್ ಅಷ್ಟೇ" ಅಂದು ಮಾತ್ರೆ ಬರೆದುಕೊಟ್ಟರು. ನಾನು ಕಣ್ಣು ನೋಡುತ್ತಿರಲಿಲ್ಲ, ಹುಬ್ಬಿನ ನಡುವಿನ ಕುಂಕುಮ ನೋಡುತ್ತಿದ್ದೆ. ಚಿಕ್ಕವಳಿದ್ದಾಗ ಅಜ್ಜಿ ಹೇಳಿಕೊಟ್ಟ ಉಪಾಯ ಅದು. ಆದರೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಒಂದು ವರ್ಷ ಹಾಗೇ ಹೋಯಿತು.

ಆಟಿಸಂ ಇದೆಯಾ ಇಲ್ಲವಾ ಅಂತ ತೀರ್ಮಾನಿಸುವುದಕ್ಕೆ ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ನೀವು ಹೇಳುವುದು, ಮನೆಯವರು ಹೇಳುವುದು, ಅವರು ಕಣ್ಣಾರೆ ನೋಡುವುದು, ಇಷ್ಟೇ. 2013ರಲ್ಲಿ ಬಂದ, ಡಾಕ್ಟರುಗಳು ಮನಸ್ಸಿನ ತೊಂದರೆ ಗುರುತಿಸಲು ನೋಡುವ ಪುಸ್ತಕ ಡಿಎಸ್‌ಎಂ-5 ಪ್ರಕಾರ ಜನರ ಜೊತೆ ಒಡನಾಟ ಮತ್ತು ಮಾತುಕತೆಯ ತೊಂದರೆಗಳು ಮೂರಕ್ಕೆ ಮೂರೂ ಇರಬೇಕು. ಆ ಕಡೆಯಿಂದ ಬಂದ ಮಾತಿಗೆ ಈ ಕಡೆಯಿಂದ ಮಾತು ಕೊಡುವುದು ಒಂದು. ಮುಖಭಾವ, ಕೈಸನ್ನೆ, ನೋಟ ಇದನ್ನೆಲ್ಲ ಅರ್ಥ ಮಾಡಿಕೊಳ್ಳುವುದು ಮತ್ತೊಂದು. ಸ್ನೇಹ ಮಾಡಿ ಉಳಿಸಿಕೊಳ್ಳುವುದು ಮೂರನೆಯದು. ಇನ್ನೊಂದು ಗುಂಪಿನಲ್ಲಿ ನಾಲ್ಕರಲ್ಲಿ ಎರಡಾದರೂ ಬೇಕು: ಮಾಡಿದ್ದನ್ನೇ ಮಾಡುವುದು, ಕ್ರಮ ತಪ್ಪಿದರೆ ತಡೆಯಲಾಗದಿರುವುದು, ಒಂದೇ ವಿಷಯದಲ್ಲಿ ವಿಪರೀತ ಆಸಕ್ತಿ, ಸದ್ದು ಬೆಳಕು ವಾಸನೆ ಬಟ್ಟೆ ಇತ್ಯಾದಿ ತಡೆಯಲಾಗದಿರುವುದು ಅಥವಾ ಅದೇ ಬೇಕು ಅನಿಸುವುದು. ಇದೆಲ್ಲ ಚಿಕ್ಕಂದಿನಿಂದ ಇರಬೇಕು. ಈಗಿನ ಬದುಕಿಗೆ ಅದರಿಂದ ನಿಜವಾದ ತೊಂದರೆಯೂ ಆಗುತ್ತಿರಬೇಕು.

ಅದೇ ಪುಸ್ತಕ ಇನ್ನೊಂದು ಮಾತನ್ನೂ ಒಪ್ಪುತ್ತದೆ. ಚಿಕ್ಕಂದಿನ ಲಕ್ಷಣಗಳನ್ನು ದೊಡ್ಡವರಾದ ಮೇಲೆ ಕಲಿತ ಉಪಾಯಗಳು ಮುಚ್ಚಿಹಾಕಿರಬಹುದು. ನಿಮ್ಮ ಡೈರಿ ಅಂಥ ಉಪಾಯ. ನನ್ನ ಕುಂಕುಮದ ಬೊಟ್ಟೂ ಅಂಥದ್ದೇ.

ಅದಕ್ಕೇ ಹೇಳುವುದು, ಬರೆದುಕೊಂಡು ಹೋಗಿ. ಆದರೆ 'ನನಗೆ ಜನರ ಜೊತೆ ಬೆರೆಯಲು ಆಗುವುದಿಲ್ಲ' ಅಂತ ಬರೆಯಬೇಡಿ. ಅದು ಎಲ್ಲರೂ ಹೇಳುವ ಮಾತು. ನಡೆದದ್ದು ಬರೆಯಿರಿ. ನಾನು ಬರೆದದ್ದರಲ್ಲಿ ಒಂದು ಹೇಳುತ್ತೇನೆ. ನಾದಿನಿಯ ಮದುವೆಯಲ್ಲಿ ವಾಲಗ ಶುರುವಾದ ತಕ್ಷಣ ನಾನು ಅಡಿಗೆಯವರ ಸ್ಟೋರ್ ರೂಮಿಗೆ ಹೋಗಿ ಅಕ್ಕಿ ಮೂಟೆಯ ಹಿಂದೆ ಕೂತಿದ್ದೆ. ಮುಕ್ಕಾಲು ಗಂಟೆ. ಅತ್ತೆ ಇವತ್ತಿಗೂ ಅದನ್ನು ಮರೆತಿಲ್ಲ. ಇದನ್ನು ಓದಿದ ಮೇಲೆ ಸೈಕಾಲಜಿಸ್ಟ್ ನನ್ನನ್ನು ಮುಂದಿನ ಪ್ರಶ್ನೆ ಕೇಳಿದರು, ಅದರ ಮುಂದಿನದು ಕೇಳಿದರು. ಬಾಗಿಲು ತೆರೆದ ಹಾಗಾಯಿತು.

'ಎಲ್ಲ ಚೆನ್ನಾಗಿದೆ' ಅಂದುಬಿಡುವ ಭಯ ನನಗೂ ಇತ್ತು. ಕಾಗದದ ಮೇಲಿನ ಮೊದಲ ಸಾಲಿನಲ್ಲೇ ಅದನ್ನು ಬರೆದು ಅವರ ಕೈಗೆ ಕೊಟ್ಟೆ. ನೀವೂ ಹಾಗೇ ಮಾಡಿ.

ಪಿಂಪ್ರಿ ಬಸವ

ಹೋಗುವ ಮುಂಚೆ ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ. ಒಂದು, ದೊಡ್ಡವರ ಆಟಿಸಂ ನೋಡಿ ಅಭ್ಯಾಸ ಇದೆಯಾ? ಮಕ್ಕಳನ್ನು ಮಾತ್ರ ನೋಡುವವರೇ ಜಾಸ್ತಿ. ಎರಡು, ಆರ್‌ಸಿಐ ನೋಂದಣಿ ಇದೆಯಾ? ಆರ್‌ಸಿಐ ಅಂದರೆ ಭಾರತೀಯ ಪುನರ್ವಸತಿ ಪರಿಷತ್ತು. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಕೆಲಸ ಮಾಡಲು ಅಲ್ಲಿ ನೋಂದಣಿ ಬೇಕು. ಕೌನ್ಸೆಲರ್ ಬೇರೆ, ಇವರು ಬೇರೆ. ನಾನು ಗೊತ್ತಿಲ್ಲದೆ ಒಬ್ಬ ಕೌನ್ಸೆಲರ್ ಹತ್ತಿರ ಆರು ಸಲ ಹೋಗಿ ದುಡ್ಡು ಕೊಟ್ಟೆ. ಒಳ್ಳೆಯವರೇ, ಆದರೆ ಕೊನೆಗೆ ರಿಪೋರ್ಟ್ ಬರೆಯುವ ಅಧಿಕಾರ ಅವರಿಗೆ ಇರಲಿಲ್ಲ. ಒಟ್ಟು ಎಷ್ಟು ಭೇಟಿ, ಒಟ್ಟು ಎಷ್ಟು ದುಡ್ಡು, ರಿಪೋರ್ಟ್ ಬರವಣಿಗೆಯಲ್ಲಿ ಕೊಡುತ್ತಾರಾ, ಇದನ್ನೂ ಅವತ್ತೇ ಕೇಳಿಬಿಡಿ.

ಡೊಂಬಿವಲಿ 38

ಬಸವ ಅವರೇ, ಈಗಷ್ಟೇ ಫೋನ್ ಮಾಡಿದೆ. ನೋಂದಣಿ ಇದೆ. ದೊಡ್ಡವರನ್ನೂ ನೋಡುತ್ತಾರಂತೆ. ಮೂರು ಭೇಟಿ ಅಂದರು.

ಅಕ್ಕಾ, ಡೈರಿ ಸಿಕ್ಕಿತು. ಅಟ್ಟದ ಮೇಲಿನ ಟ್ರಂಕಿನಲ್ಲಿ, ಮಾವನ ಹಳೆಯ ಬಿಲ್ ಪುಸ್ತಕಗಳ ಜೊತೆ. 2004ರದ್ದು. ತೆರೆದು ನೋಡಿದರೆ ನನ್ನ ಅಕ್ಷರದಲ್ಲಿ 'ನಗುವಾಗ ಹಲ್ಲು ಸ್ವಲ್ಪ ಕಾಣಬೇಕು' ಅಂತ ಬರೆದಿದೆ. ಹೆಂಡತಿ ಓದಿ ಸುಮ್ಮನೆ ನನ್ನ ಕೈ ಹಿಡಿದು ಕೂತಳು.

ಮಾಟುಂಗಾ ರಾಯರು

ಎಲ್ಲ ಓದಿದೆ. ನನಗೆ 71. ತಪ್ಪು ತಿಳಿಯಬೇಡಿ, ಮನಸ್ಸಿಗೆ ಬಂದದ್ದು ಕೇಳುತ್ತೇನೆ. ನಿಮಗೆ ಕೆಲಸ ಇದೆ, ಸಂಸಾರ ಇದೆ, ಜನ ಮರ್ಯಾದೆ ಕೊಡುತ್ತಾರೆ. ಆಟಿಸಂಗೆ ಔಷಧಿ ಇಲ್ಲ ಅಂತ ಕೇಳಿದ್ದೇನೆ. ಹಾಗಿದ್ದ ಮೇಲೆ ಈ ವಯಸ್ಸಿನಲ್ಲಿ ಆ ಹೆಸರು ಹಚ್ಚಿಕೊಂಡು ಏನು ಸಿಗುತ್ತದೆ? ನಾಳೆ ಮಗಳ ಮದುವೆಯ ಮಾತು ಬಂದಾಗ ಯಾರಾದರೂ ಎತ್ತಿ ಆಡಿದರೆ?

ಡೊಂಬಿವಲಿ 38

ರಾಯರೇ, ಈ ಪ್ರಶ್ನೆ ನನ್ನ ಹೆಂಡತಿಯೂ ಕೇಳಿದ್ದಳು. ತಪ್ಪು ತಿಳಿಯುವುದು ಏನೂ ಇಲ್ಲ.

ನಾಲ್ಕು ತಿಂಗಳ ಹಿಂದೆ ಆಫೀಸಿನಲ್ಲಿ ನಮ್ಮ ಜಾಗ ಬದಲಾಯಿಸಿದರು. ಗೋಡೆ ಪಕ್ಕ ಇದ್ದ ನನ್ನ ಮೇಜನ್ನು ನಡುಮಧ್ಯಕ್ಕೆ ತಂದು ಪ್ರಿಂಟರಿನ ಪಕ್ಕ ಹಾಕಿದರು. ಮೂರನೇ ವಾರ ಒಂದು ಮಧ್ಯಾಹ್ನ ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಯಾಕೆ ಅಂತ ನನಗೇ ಗೊತ್ತಿರಲಿಲ್ಲ. ಮೇಜು ಬದಲಾದರೆ ಯಾವ ಗಂಡಸು ಅಳುತ್ತಾನೆ ಅಂತ ನನ್ನನ್ನು ನಾನೇ ಬೈದುಕೊಂಡೆ. ಇಪ್ಪತ್ಮೂರು ವರ್ಷದಿಂದ ಹೀಗೆ ಬೈದುಕೊಳ್ಳುತ್ತಾ ಬಂದಿದ್ದೇನೆ.

ಕಾರಣ ಗೊತ್ತಾದರೆ ಬೈದುಕೊಳ್ಳುವುದು ನಿಲ್ಲಬಹುದು. ಇನ್ನೊಂದು ಮೇಜು ಕೊಡಿ ಅಂತ ಕೇಳುವ ಧೈರ್ಯ ಬರಬಹುದು. ಅಷ್ಟೇ ಬೇಕಾಗಿರುವುದು. ಇನ್ನು ಮಗಳು. ಅವಳಿಗೂ ಅಂಗಿಯ ಲೇಬಲ್ ಚುಚ್ಚುತ್ತದೆ, ಕುಕ್ಕರ್ ಸೀಟಿಗೆ ಓಡಿಹೋಗುತ್ತಾಳೆ. ಅವಳಿಗೆ ಏನಿದೆಯೋ ಇಲ್ಲವೋ ನಾನು ಹೇಳಲಾರೆ. ಆದರೆ ಅವಳು ನನ್ನ ಹಾಗೆ ಡೈರಿ ಬರೆಯುವ ಹಾಗಾಗಬಾರದು.

ಮಾಟುಂಗಾ ರಾಯರು

ಅರ್ಥವಾಯಿತು ಮಗಾ. ಹೋಗಿ ಬಾ. ನನಗೊಬ್ಬ ತಮ್ಮ ಇದ್ದ. ಜೀವನವಿಡೀ ಯಾರ ಜೊತೆಯೂ ಸೇರಲಿಲ್ಲ, ರೈಲ್ವೆ ಟೈಮ್‌ಟೇಬಲ್ ಪುಸ್ತಕ ಮಾತ್ರ ಓದುತ್ತಿದ್ದ. ಅವನಿಗೆ ನಾವು ಏನೇನೋ ಹೆಸರಿಟ್ಟು ಕರೆದೆವು.

ಪುಣೆ ಧಾರವಾಡ

ನಮಸ್ಕಾರ. ನಾನು ಪುಣೆಯಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್, ಮೂಲ ಧಾರವಾಡ. ಇಲ್ಲಿ ಯಾರಿಗೂ ಇದೆ ಇಲ್ಲ ಅಂತ ಹೇಳುವುದಿಲ್ಲ, ಅದು ಎದುರಿಗೆ ಕೂತು ಮಾಡುವ ಕೆಲಸ. ತಯಾರಿ ಬಗ್ಗೆ ಮಾತ್ರ ಬರೆಯುತ್ತೇನೆ.

ನೀವು ಆನ್‌ಲೈನಿನಲ್ಲಿ ಎಕ್ಯೂ ಅನ್ನುವ 50 ಪ್ರಶ್ನೆಗಳ ಪಟ್ಟಿ ತುಂಬಿರಬಹುದು. ಕೇಂಬ್ರಿಜ್‌ನಲ್ಲಿ 2001ರಲ್ಲಿ ತಯಾರಾದದ್ದು. 32 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು ಅಂತ ಅರ್ಥ, ಆಟಿಸಂ ಇದೆ ಅಂತ ಅಲ್ಲ. ರಾಡ್ಸ್-ಆರ್ ಅನ್ನುವ 80 ಪ್ರಶ್ನೆಗಳದ್ದೂ ಹಾಗೇ. ಜನರ ಮುಂದೆ ವಿಪರೀತ ಅಂಜಿಕೆ ಇರುವವರಿಗೂ ಇವುಗಳಲ್ಲಿ ಅಂಕ ಜಾಸ್ತಿ ಬರುತ್ತದೆ. ತುಂಬಿದ್ದರೆ ಪ್ರಿಂಟ್ ತೆಗೆದುಕೊಂಡು ಹೋಗಿ, ಆದರೆ ಅಂಕಕ್ಕಿಂತ ಒಂದೊಂದು ಉತ್ತರದ ಪಕ್ಕ ನಿಮ್ಮದೊಂದು ಉದಾಹರಣೆ ಬರೆದರೆ ನಮಗೆ ಹತ್ತು ಪಟ್ಟು ಉಪಯೋಗ.

ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಚಡಪಡಿಕೆ), ಆತಂಕ, ಖಿನ್ನತೆ, ಒಸಿಡಿ (ಬೇಡವೆಂದರೂ ಮತ್ತೆ ಮತ್ತೆ ಬರುವ ಯೋಚನೆ, ಕೆಲಸ), ಚಿಕ್ಕಂದಿನ ಆಘಾತ, ಇವನ್ನೂ ಕೇಳಿಯೇ ಕೇಳುತ್ತಾರೆ. ಬೇರೆ ಏನೋ ಹುಡುಕುತ್ತಿದ್ದಾರೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಎರಡು ಮೂರು ಒಟ್ಟಿಗೆ ಇರುವುದೂ ಸಾಮಾನ್ಯ. ಆಟಿಸಂಗೆ ಮಾತ್ರೆ ಇಲ್ಲ, ಆದರೆ ಜೊತೆಗಿರುವ ಆತಂಕಕ್ಕೆ, ಖಿನ್ನತೆಗೆ ಚಿಕಿತ್ಸೆ ಇದೆ. ಮುಂಚೆ ತೆಗೆದುಕೊಂಡ ಮಾತ್ರೆಗಳ ಚೀಟಿ ಇದ್ದರೆ ಅದನ್ನೂ ಒಯ್ಯಿರಿ.

ಈಗ ಮುಖ್ಯ ಮಾತು, ಅಮ್ಮನ ಬಗ್ಗೆ. ನಮ್ಮ ಊರುಗಳಲ್ಲಿ ಈ ಲಕ್ಷಣಗಳಿಗೆಲ್ಲ ಮೊದಲೇ ಹೆಸರುಗಳಿವೆ. ಹಠ. ಮೊಂಡ. ನಾಚಿಕೆ ಸ್ವಭಾವ. ಪಾಪದವನು. ಊಟಕ್ಕೆ ತಕರಾರು. ಅಮ್ಮಂದಿರು ಈ ಮಾತಿನಲ್ಲೇ ಹೇಳುತ್ತಾರೆ. ಮಗ ಅಥವಾ ಮಗಳು ಪಕ್ಕದಲ್ಲಿ ಕೂತು ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾರೆ. 'ಹಠ' ಹೋಗಿ ಒಂದು ಒಣ ಶಬ್ದ ಬರುತ್ತದೆ, ಸೈಕಾಲಜಿಸ್ಟ್ ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಆ ಹಠದ ಒಳಗೆ ಏನಿತ್ತು? ಎಷ್ಟು ಹೊತ್ತು? ಯಾವುದಕ್ಕೆ? ಏನು ಮಾಡಿದರೆ ನಿಲ್ಲುತ್ತಿತ್ತು? ಎಲ್ಲವೂ ಅಲ್ಲೇ ಇರುತ್ತದೆ. ಅದಕ್ಕೇ ಅಮ್ಮ ಹೇಳಿದ್ದನ್ನು ಮೊದಲು ಅವರ ಮಾತಿನಲ್ಲೇ, ಕನ್ನಡದಲ್ಲೇ ಬರೆದುಕೊಳ್ಳಿ. ಆಮೇಲೆ ತರ್ಜುಮೆ. ಭೇಟಿಯ ದಿನ ಸಾಧ್ಯವಾದರೆ ತರ್ಜುಮೆ ನೀವು ಮಾಡಬೇಡಿ, ಹೆಂಡತಿಯೋ ತಂಗಿಯೋ ಮಾಡಲಿ. ನೀವು ಎದುರಿಗಿದ್ದರೆ ಅಮ್ಮ ನಿಮ್ಮ ಮನಸ್ಸು ನೋಯಬಾರದು ಅಂತ ಅರ್ಧ ನುಂಗುತ್ತಾರೆ.

ಅಂಗವಿಕಲತೆಯ ಸರ್ಟಿಫಿಕೇಟ್ ಬೇರೆ ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿರುವ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ. ಸರ್ಕಾರಿ ಸವಲತ್ತಿಗೆ ಶೇ 40 ಅಥವಾ ಅದಕ್ಕಿಂತ ಹೆಚ್ಚು ಅಂಗವಿಕಲತೆ ಇದೆ ಅಂತ ಸರ್ಕಾರಿ ವೈದ್ಯಕೀಯ ಮಂಡಳಿ ಬರೆದುಕೊಡಬೇಕು, ಆಮೇಲೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ. ಅದಕ್ಕೆ ಬಳಸುತ್ತಾ ಬಂದಿರುವುದು ಐಸಾ ಅನ್ನುವ 40 ಪ್ರಶ್ನೆಗಳ ಅಳತೆ, ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ ತಯಾರಾದದ್ದು. ಒಂದೊಂದಕ್ಕೆ 1ರಿಂದ 5 ಅಂಕ, 70ಕ್ಕಿಂತ ಕಡಿಮೆಯಾದರೆ ಅದರ ಲೆಕ್ಕದಲ್ಲಿ ಆಟಿಸಂ ಇಲ್ಲ. ಎಲ್ಲವನ್ನೂ ಮುಚ್ಚಿಟ್ಟುಕೊಂಡು ಬದುಕಿದ ದೊಡ್ಡವರು ಅದರಲ್ಲಿ ಕಡಿಮೆ ಅಂಕ ಪಡೆಯಬಹುದು. ಹಾಗಾದರೆ ನಿಮ್ಮ ಡಯಾಗ್ನೋಸಿಸ್ ಸುಳ್ಳು ಅಂತಲ್ಲ. ಈ ಎರಡು ಕೆಲಸವನ್ನು ತಲೆಯಲ್ಲಿ ಬೇರೆ ಬೇರೆ ಇಟ್ಟುಕೊಳ್ಳಿ.

ವಾಸ್ಕೋ ಬಿಜಾಪುರ

ಇದನ್ನು ಓದುವ ಗೋವಾದವರಿಗೆ ಒಂದು ಮಾತು. ಬಾಂಬೋಲಿಯಲ್ಲಿ ಐಪಿಎಚ್‌ಬಿ ಅಂತ ಮಾನಸಿಕ ಆರೋಗ್ಯದ ಸರ್ಕಾರಿ ಆಸ್ಪತ್ರೆ ಇದೆ. ಖಾಸಗಿಗೆ ದುಡ್ಡಿಲ್ಲದವರು ಅಲ್ಲಿಂದ ಶುರು ಮಾಡಬಹುದು. ಆಫೀಸಿಗೆ ಹೇಳಬೇಕಾ ಅಂತ ಯಾರೂ ಕೇಳಲಿಲ್ಲ. ಹೇಳಲೇಬೇಕು ಅಂತ ಏನೂ ಇಲ್ಲ. 2017ರ ಮಾನಸಿಕ ಆರೋಗ್ಯ ಕಾಯಿದೆ ಪ್ರಕಾರ ನಿಮ್ಮ ವಿಷಯ ಗುಟ್ಟಾಗಿಡುವುದು ನಿಮ್ಮನ್ನು ನೋಡುವ ಡಾಕ್ಟರು, ಸೈಕಾಲಜಿಸ್ಟ್‌ಗಳ ಕರ್ತವ್ಯ, ನಿಮ್ಮ ದಾಖಲೆ ಕೇಳಿ ಪಡೆಯುವುದು ನಿಮ್ಮ ಹಕ್ಕು. ನಾನು ನನ್ನ ಸೂಪರ್‌ವೈಸರ್ ಒಬ್ಬರಿಗೆ ಮಾತ್ರ ಹೇಳಿದೆ. ಪಾಳಿ ಬದಲಾಯಿಸುವುದಿದ್ದರೆ ಎರಡು ದಿನ ಮುಂಚೆ ಹೇಳುತ್ತಾರೆ ಈಗ. ಅಷ್ಟರಿಂದಲೇ ಜೀವನ ಹಗುರ ಆಗಿದೆ.

ಮುಲುಂಡ್ ಮನೆಯವಳು

ಮುಂಬೈಯಲ್ಲೂ ಸಾಯನ್, ಕೆಇಎಂ, ನಾಯರ್ ಮೂರು ಕಡೆಯೂ ಮನೋರೋಗ ವಿಭಾಗ ಇದೆ. ಬೆಳಗ್ಗೆ ಬೇಗ ಹೋಗಿ ಕೇಸ್ ಪೇಪರ್ (ಹೊರರೋಗಿ ಚೀಟಿ) ಮಾಡಿಸಬೇಕು. ಗದ್ದಲ ತಡೆಯದವರು ಕಿವಿಗೆ ಹತ್ತಿ, ನೀರು, ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ಆ ಸಾಲಿನಲ್ಲಿ ಒಬ್ಬಳೇ ನಿಂತು ಎರಡು ಸಲ ವಾಪಸ್ ಬಂದವಳು ನಾನು.

ತಮ್ಮಾ, ಧಾರವಾಡದ ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಅಮ್ಮನ ಹತ್ತಿರ 'ನನಗೆ ಚಿಕ್ಕಂದಿನಲ್ಲಿ ಏನಾದರೂ ತೊಂದರೆ ಇತ್ತಾ' ಅಂತ ಕೇಳಬೇಡ. ಇಲ್ಲ ಅಂತಲೇ ಹೇಳುತ್ತಾರೆ. ಮಗನಲ್ಲಿ ಕೊರತೆ ಇತ್ತು ಅಂತ ಯಾವ ತಾಯಿ ಒಪ್ಪುತ್ತಾಳೆ? ತನ್ನದೇ ತಪ್ಪು ಅಂತಲೂ ಅನಿಸಬಹುದು. ಅದು ಅವರ ತಪ್ಪಲ್ಲ ಅಂತ ಮೊದಲು ಹೇಳು. ಆಮೇಲೆ ಸುಮ್ನೆ ಊರಿನ ಮಾತು ತೆಗೆ. ಮನೆಗೆ ನೆಂಟರು ಬಂದಾಗ ನಾನು ಎಲ್ಲಿರುತ್ತಿದ್ದೆ? ಜಾತ್ರೆಗೆ ಹೋದಾಗ? ಯಾವ ಊಟ ಬೇಡ ಅನ್ನುತ್ತಿದ್ದೆ? ಶಾಲೆಯ ಮೊದಲ ದಿನ ಏನಾಯಿತು? ಮಾತು ಯಾವಾಗ ಬಂತು? ಕೇಳಿ ಸುಮ್ಮನಿರು.

ಡೊಂಬಿವಲಿ 38

ಅಕ್ಕಾ, ನೀವು ಹೇಳಿದ ಹಾಗೆ ಮಾಡಿದೆ. ಭಾನುವಾರ ಅಮ್ಮನ ಜೊತೆ ಒಂದೂವರೆ ಗಂಟೆ ಫೋನಿನಲ್ಲಿ ಮಾತಾಡಿದೆ. ನಮ್ಮಿಬ್ಬರ ಮಾತು ಇಷ್ಟು ಹೊತ್ತು ನಡೆದದ್ದು ಇದೇ ಮೊದಲು.

ಮೊದಲಿಗೆ "ಎಂತದೂ ಇರ್ಲಿಲ್ಲ ನಿಂಗೆ, ಪಾಪದ ಮಗು ನೀನು" ಅಂದರು. ಆಟ ನೋಡಲು ಹೋದಾಗ ನಾನೇನು ಮಾಡುತ್ತಿದ್ದೆ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳುತ್ತಾ ಹೋದರು. ಯಕ್ಷಗಾನದಲ್ಲಿ ಚೆಂಡೆ ಶುರುವಾದರೆ ನಾನು ಅಮ್ಮನ ಸೆರಗು ತಲೆಗೆ ಸುತ್ತಿಕೊಂಡು ಕಿವಿ ಒತ್ತಿ ಹಿಡಿಯುತ್ತಿದ್ದೆನಂತೆ. ಹೆದರಿಕೆ ಅಂತ ದೇವಸ್ಥಾನದಲ್ಲಿ ನೂಲು ಕಟ್ಟಿಸಿದ್ದರು. ಗಂಜಿಗೆ ಉಪ್ಪಿನಕಾಯಿಯ ರಸ ತಾಗಿದರೆ ಇಡೀ ಬಟ್ಟಲು ಬಿಟ್ಟು ಏಳುತ್ತಿದ್ದೆ. ಅದಕ್ಕೇ ಉಪ್ಪಿನಕಾಯಿಗೆ ಅಂತ ಬೇರೆ ಒಂದು ತೆಂಗಿನ ಗೆರಟೆ ಇಟ್ಟಿದ್ದರು. ಆ ಗೆರಟೆ ನನಗೆ ನೆನಪಿದೆ. ಯಾಕೆ ಅಂತ ನೆನಪಿರಲಿಲ್ಲ.

ನಮ್ಮ ದಾರಿಯಲ್ಲಿ ಹೋಗುವ ಬಸ್ಸುಗಳ ಹೆಸರು, ಹೊತ್ತು ಎಲ್ಲ ಐದನೇ ವರ್ಷಕ್ಕೇ ಬಾಯಲ್ಲಿತ್ತಂತೆ. ಬಂದ ನೆಂಟರಿಗೆಲ್ಲ ಅದನ್ನೇ ಹೇಳುತ್ತಿದ್ದೆ, ಅವರು ಏನು ಕೇಳಿದರೂ ಅದನ್ನೇ. ಒಂದು ದಿನ ಬೆಳಗ್ಗಿನ ಬಸ್ಸು ಬರಲಿಲ್ಲ. ಬರುವ ತನಕ ಗೇಟಿನಿಂದ ಅಲ್ಲಾಡಲಿಲ್ಲ. ಮಳೆ ಬಂತು. ಅಮ್ಮ ಕೊಡೆ ಹಿಡಿದು ಪಕ್ಕದಲ್ಲಿ ನಿಂತರು. ಎಷ್ಟು ಹೊತ್ತು ಅಮ್ಮಾ ಅಂತ ಕೇಳಿದೆ. "ಹನ್ನೊಂದು ಗಂಟೆ ಬಸ್ಸು ಬರುವ ತನಕ" ಅಂದರು. ಬೆಳಗ್ಗೆ ಎಂಟರಿಂದ. ನನ್ನ ಅಮ್ಮ ಮೂರು ಗಂಟೆ ಮಳೆಯಲ್ಲಿ ನನ್ನ ಜೊತೆ ನಿಂತಿದ್ದರು, ಯಾಕೆ ಅಂತ ಕೇಳದೆ.

ಎಲ್ಲವನ್ನೂ ಅವರ ಮಾತಿನಲ್ಲೇ ಬರೆದಿಟ್ಟಿದ್ದೇನೆ. ಒಂಬತ್ತು ಪುಟ ಆಯಿತು. ಹೆಂಡತಿ ಅದರಿಂದ ಮರಾಠಿಯಲ್ಲಿ ಮೂರು ಪುಟ ಮಾಡುತ್ತಿದ್ದಾಳೆ, ಅವಳು ಇಲ್ಲೇ ಓದಿದವಳು. ಇಲ್ಲಿ ಆಟಿಸಂಗೆ ಸ್ವಮಗ್ನತಾ ಅನ್ನುತ್ತಾರೆ. ಅಮ್ಮನಿಗೆ ಆ ಮಾತಿನ ಅರ್ಥ ಬಿಡಿಸಿ ಹೇಳಿದೆ, ತನ್ನೊಳಗೇ ಮುಳುಗಿರುವುದು ಅಂತ. "ಮುಳುಗಿರ್ಲಿಲ್ಲ ನೀನು, ರಸ್ತೆ ಕಾಂತಾ (ನೋಡುತ್ತಾ) ನಿಂತಿದ್ದೆ" ಅಂದರು. ಅದನ್ನೂ ಬರೆದುಕೊಂಡೆ.

ಮೊದಲ ಸಾಲಿನಲ್ಲಿ 'ನಾನು ಎಲ್ಲ ಚೆನ್ನಾಗಿದೆ ಅಂತ ಹೇಳಬಹುದು, ದಯವಿಟ್ಟು ನಂಬಬೇಡಿ' ಅಂತ ಇದೆ. ಡೈರಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದೇನೆ. ಎರಡನೇ ಭೇಟಿಗೆ ಅಮ್ಮನನ್ನು ಕರೆತನ್ನಿ ಅಂದಿದ್ದಾರೆ. ಮತ್ಸ್ಯಗಂಧ ರೈಲಿಗೆ ಟಿಕೆಟ್ ಆಗಿದೆ. ಥಾಣೆಯಲ್ಲಿ ಬೆಳಗ್ಗೆ ಇಳಿಸಿಕೊಳ್ಳಲು ನಾನೇ ಹೋಗುತ್ತೇನೆ. ಅಮ್ಮ ಕೇಳಿದ್ದು ಒಂದೇ: ಆ ಡಾಕ್ಟರಮ್ಮನಿಗೆ ಹಪ್ಪಳ ತರಬಹುದಾ ಅಂತ.

ಮುಲುಂಡ್ ಮನೆಯವಳು

ತರಲಿ ತಮ್ಮಾ. ಭೇಟಿ ಮುಗಿದ ಸಂಜೆ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡ, ಮರುದಿನ ರಜೆ ಹಾಕು. ನಾನು ಎರಡು ದಿನ ಮಲಗಿಯೇ ಇದ್ದೆ.

ಡೊಂಬಿವಲಿ 38

ರಜೆ ಹಾಕಿದ್ದೇನೆ ಅಕ್ಕಾ.